ಊರಲ್ಲಿ ತೋಟದ ಮನೆ ಕೊಳ್ತೀರಾ? ಮೊದಲು ಪಹಣಿ ಓದಿ

"ಸುಬ್ರಹ್ಮಣ್ಯದಿಂದ ಆರೇ ಕಿಲೋಮೀಟರ್. ಮೂರು ಎಕ್ರೆ ಅಡಿಕೆ ತೋಟ, ಹೆಂಚಿನ ಮನೆ. ವರ್ಷಪೂರ್ತಿ ನೀರುಂಟು, ಅಂಗಳದವರೆಗೆ ಜೀಪು ಬರ್ತದೆ. ರೆಕಾರ್ಡ್ ಎಲ್ಲ ಕ್ಲಿಯರ್."

ಬೆಂಗಳೂರಲ್ಲೋ ಮಂಗಳೂರಲ್ಲೋ ಲ್ಯಾಪ್‌ಟಾಪ್ ಮುಂದೆ ಕೂತಿರುವ ನಮ್ಮ ಕಡೆಯವರ ವಾಟ್ಸಾಪ್‌ಗೆ ಇಂಥ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. ಮೊದಲೆಲ್ಲ ಕೃಷಿಕರಲ್ಲದವರು, ಆದಾಯ ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದವು. ಈಗ ಟೆಕ್ಕಿಯೂ ತೋಟ ಕೊಳ್ಳಬಹುದು. ಬಾಗಿಲು ತೆರೆಯಿತು ನಿಜ, ಒಳಗಿನ ಕಾಗದಪತ್ರ ಮಾತ್ರ ಹಾಗೇ ಇದೆ. ಮೇಲಿನ ಮೆಸೇಜಿನ ಒಂದೊಂದು ಮಾತಿಗೂ ಒಂದೊಂದು ಪ್ರಶ್ನೆ ಕೇಳಬೇಕು.

ಮೂರು ಎಕ್ರೆಯಲ್ಲಿ ವರ್ಗ ಜಾಗ ಎಷ್ಟು?

ದಕ್ಷಿಣ ಕನ್ನಡದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಕಣ್ಣಿಗೆ ಕಾಣುವ ತೋಟ ಬೇರೆ, ಆರ್‌ಟಿಸಿಯಲ್ಲಿ (ಅದೇ, ಪಹಣಿ) ಇರುವ ಜಾಗ ಬೇರೆ. ನಡುವಿನ ವ್ಯತ್ಯಾಸದ ಹೆಸರು ಕುಮ್ಕಿ. ವರ್ಗ ಜಾಗಕ್ಕೆ ತಾಗಿಕೊಂಡು 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಸವಲತ್ತು ಮದರಾಸು ಸರ್ಕಾರದ ಕಾಲದಿಂದ ಬಂದದ್ದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಉಳಿಸಿಕೊಂಡಿದೆ. ಆದರೆ ಅದು ಸವಲತ್ತು ಮಾತ್ರ, ಮಾಲೀಕತ್ವ ಅಲ್ಲ. ಅಜ್ಜನ ಕಾಲದಲ್ಲೇ ಅಲ್ಲಿ ಅಡಿಕೆ ಇಟ್ಟಿರಬಹುದು, ಮರಗಳು ಚೆನ್ನಾಗಿ ಫಸಲನ್ನೂ ಕೊಡುತ್ತಿರಬಹುದು. ಆದರೂ ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಹಾಗಾಗಿ "ಒಂದೂವರೆ ವರ್ಗ, ಒಂದೂವರೆ ಕುಮ್ಕಿ" ಅಂದರೆ ನೀವು ಕೊಳ್ಳುತ್ತಿರುವುದು ಒಂದೂವರೆ ಎಕ್ರೆ. ರೇಟು ಮಾತಾಡುವಾಗಲೂ ಅಷ್ಟಕ್ಕೇ ಮಾತಾಡಿ. ಮನೆ ನಿಂತಿರುವುದು ವರ್ಗದಲ್ಲೋ ಕುಮ್ಕಿಯಲ್ಲೋ ಎಂದು ಸರ್ವೆಯರ್ ಕರೆಸಿ ಅಳೆಸಿಯೇ ತಿಳಿದುಕೊಳ್ಳಿ. ಕಲ್ಲಿನ ಅಗರು ತೋರಿಸಿ "ಇದೇ ಗಡಿ" ಎಂದರೆ ಸಾಲದು.

ಜಾಗ ಇವರಿಗೆ ಬಂದದ್ದು ಹೇಗೆ?

ಆರ್‌ಟಿಸಿಯ 9ನೇ ಕಾಲಂನಲ್ಲಿ ಹೆಸರು ಇರುತ್ತದೆ, 10ರಲ್ಲಿ ಆ ಹೆಸರು ಬಂದ ಬಗೆ. ಎಲ್ಲರೂ ಹೆಸರು ನೋಡುತ್ತಾರೆ, ನೀವು 10ನ್ನೂ ಓದಿ.

ನಮ್ಮ ಕಡೆ ಬಹಳಷ್ಟು ಜಾಗ "ಡಿಕ್ಲರೇಶನ್‌ನಲ್ಲಿ ಆದದ್ದು". 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಒಕ್ಕಲು ಹಕ್ಕು ಪಡೆದದ್ದು. ಹಕ್ಕು ಸಿಕ್ಕ ಮೇಲೆ 15 ವರ್ಷ ಮಾರುವಂತಿರಲಿಲ್ಲ. ಆ ಅವಧಿಯೊಳಗೇ ಯಾವಾಗಲಾದರೂ ಕೈಬದಲಾಗಿದೆಯಾ ಅಂತ ತಾರೀಕು ತಾಳೆ ಹಾಕಿ. ಇನ್ನೊಂದು ವಿಷಯ: ಅರ್ಜಿ ಕೊಟ್ಟವರು ದೊಡ್ಡಣ್ಣ ಒಬ್ಬರೇ ಇರಬಹುದು, ಆದರೆ ಗೇಣಿ ಇಡೀ ಕುಟುಂಬದ್ದಾಗಿದ್ದರೆ ತಮ್ಮಂದಿರ ಮಕ್ಕಳು ಇವತ್ತೂ ಪಾಲು ಕೇಳಬಹುದು.

ದರ್ಖಾಸ್ತು, ಅಕ್ರಮ-ಸಕ್ರಮ, 94ಸಿ ಜಾಗವಾದರೆ ಮಂಜೂರಾತಿ ಆದೇಶದ ಪ್ರತಿ ತರಿಸಿ ಷರತ್ತು ಓದಿ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಎನ್ನುವುದು ಅಲ್ಲೇ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು. ಅನುಮತಿ ಇಲ್ಲದೆ ಕೊಂಡರೆ ಆ ಜಾಗ ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗಬಹುದು. 2023ರ ತಿದ್ದುಪಡಿಯ ನಂತರ ಇದಕ್ಕೆ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ.

ಸರ್ವೆ ನಂಬರಿನ ಜೊತೆ "ಪಿ1", "ಪಿ2" ಎಂದಿದೆಯಾ? ಅದು "ಪೈಕಿ". ಅಂದರೆ ಪ್ಲಾಟಿಂಗ್ ಆಗಿಲ್ಲ, ಒಂದೇ ನಂಬರಿನಲ್ಲಿ ಯಾರದ್ದು ಎಲ್ಲಿ ಎಂದು ನಕ್ಷೆಯಲ್ಲಿ ಗುರುತಾಗಿಲ್ಲ. ಪ್ಲಾಟಿಂಗ್ ಮಾಡಿಸಿಕೊಡುವ ಹೊಣೆ ಮಾರುವವರದ್ದು. ಅದು ಮುಗಿದ ಮೇಲೆಯೇ ದೊಡ್ಡ ಮೊತ್ತ ಕೊಡಿ. ಒಂದು ನಂಬರಿನ ಸ್ವಲ್ಪ ಭಾಗ ಮಾತ್ರ ಕೊಳ್ಳುವುದಾದರೆ ನೋಂದಣಿಗೆ 11ಇ ನಕ್ಷೆ ಬೇಕು.

ಯಾರ್ಯಾರ ಸಹಿ ಬೇಕು?

"ಅಕ್ಕಂದಿರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಎನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಿಭಾಗಪತ್ರ ಆಗಿದ್ದರೆ ಅದನ್ನು ಈ ತಿದ್ದುಪಡಿ ಕದಲಿಸುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಪದರ ಇದೆ. ಮಕ್ಕಳಸಂತಾನದ ಮನೆಗಳ ಪಕ್ಕದಲ್ಲೇ ಅಳಿಯಸಂತಾನದ ಮನೆಗಳೂ ಇವೆ. ಹಳೆಯ ಪತ್ರದಲ್ಲಿ "ಕುಟುಂಬ", "ಕವರು", "ಯಜಮಾನ" ಎಂಬ ಶಬ್ದ ಕಂಡರೆ ಅಲ್ಲಿ ಹಕ್ಕು ತಾಯಿಯ ಕಡೆಯಿಂದ ಇಳಿದಿರುತ್ತದೆ. ಆಗ ಮಾರುವವರ ಹೆಂಡತಿ ಮಕ್ಕಳ ಸಹಿ ಮಾತ್ರ ಸಾಲದೆ ಹೋಗಬಹುದು. 1949ರ ಅಳಿಯಸಂತಾನ ಕಾಯ್ದೆ, 1956ರ ಉತ್ತರಾಧಿಕಾರ ಕಾಯ್ದೆ ಎರಡನ್ನೂ ಬಲ್ಲ ಊರಿನ ವಕೀಲರಿಗೇ ಈ ಪತ್ರ ತೋರಿಸಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ದಾಖಲೆ ನೋಡುವವರಿಗೆ ಇದು ರೂಢಿ ಇರಲಿಕ್ಕಿಲ್ಲ.

ಕೊಡಲು ಒಪ್ಪಿದ ಅಕ್ಕ ತಂಗಿಯರು ಒಂದೋ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ಮೊದಲೇ ಹಕ್ಕು ಖುಲಾಸೆ ನೋಂದಾಯಿಸಲಿ. ಅಪ್ರಾಪ್ತರ ಪಾಲು ಅವರ ಹೆಸರಿಗೇ ಬೇರೆಯಾಗಿದ್ದರೆ ಅದನ್ನು ಮಾರಲು ತಂದೆ ತಾಯಿಗೂ ಕೋರ್ಟ್ ಅನುಮತಿ ಬೇಕು.

ಮನೆಗೆ "ನೈನ್ ಇಲೆವೆನ್" ಉಂಟಾ?

ಕೃಷಿಕರು ತಮ್ಮ ಜಮೀನಿನ ಶೇ. 10 ಮೀರದಷ್ಟು ಜಾಗದಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಡ. ತೋಟದ ಜೊತೆಗೇ ಆ ಮನೆಯನ್ನೂ ಕೊಳ್ಳುವುದಾದರೆ ಆರ್‌ಟಿಸಿಯ ಮೇಲೆಯೇ ನೋಂದಣಿ ಆಗುತ್ತದೆ. ಆದರೆ ಕನ್ವರ್ಷನ್ ಆದ ಹತ್ತು ಸೆಂಟ್ಸ್ ಮತ್ತು ಮನೆ ಎಂದಾದರೆ ಪಂಚಾಯತಿನ ಇ-ಸ್ವತ್ತುವಿನಿಂದ ನಮೂನೆ 9 ಮತ್ತು 11ಎ ಬೇಕು. ಬರೀ 11ಬಿ ಇದ್ದರೆ ತೆರಿಗೆ ಪುಸ್ತಕದಲ್ಲಿ ಹೆಸರಿದೆ ಎಂದಷ್ಟೇ ಅರ್ಥ. ಅದರಿಂದ ಕಟ್ಟಡ ಕ್ರಮಬದ್ಧ ಆಗುವುದಿಲ್ಲ, ಬ್ಯಾಂಕ್ ಸಾಲಕ್ಕೂ ತೊಂದರೆ. ಕುಕ್ಕೆಗೆ ಬರುವ ಯಾತ್ರಿಕರಿಗೆ ಹೋಂಸ್ಟೇ ಮಾಡುವ ಲೆಕ್ಕಾಚಾರ ಇದ್ದರೆ ತೋಟದ ಮನೆಯ ವಿನಾಯಿತಿ ನಂಬಿ ಹೊರಡಬೇಡಿ. ಪಂಚಾಯತಿನಲ್ಲಿ ಮೊದಲೇ ವಿಚಾರಿಸಿ.

ದಾರಿ ಉಂಟು, ನೀರುಂಟು. ಯಾರದ್ದು?

ನಮ್ಮಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ, ಅವರವರ ತೋಟದ ನಡುವೆ ಇರುತ್ತವೆ. ಜೀಪು ಬರುವ ದಾರಿ ಪಕ್ಕದವರ ವರ್ಗದೊಳಗೆ ಹಾದು ಬರುತ್ತಿರಬಹುದು. ಈಗಿನವರಿಗೂ ಅವರಿಗೂ ಇರುವ ಸ್ನೇಹದ ಮೇಲೆ ಬಿಟ್ಟ ದಾರಿಯನ್ನು ನಾಳೆ ನಿಮಗೂ ಬಿಡಬೇಕೆಂದಿಲ್ಲ. ಸ್ನೇಹದಿಂದಲ್ಲದೆ ಹಕ್ಕಿನಿಂದಲೇ 20 ವರ್ಷ ಅಡೆತಡೆಯಿಲ್ಲದೆ ಬಳಸಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ದಾವೆ ಹೂಡಬಹುದು. ಆದರೆ ಮನೆ ಕೊಂಡ ವರ್ಷವೇ ನೆರೆಯವರ ಮೇಲೆ ಕೇಸು ಯಾರಿಗೆ ಬೇಕು? ಅವರೊಂದಿಗೆ ಕೂತು ದಾರಿಯ ಅಗಲ, ಉದ್ದ ಬರೆದು ನೋಂದಾಯಿಸಿಕೊಳ್ಳಿ. ಮೇಲಿನ ಗುಡ್ಡದಿಂದ ಪೈಪಿನಲ್ಲಿ ಬರುವ ಒರತೆ ನೀರಿಗೂ ಇದೇ ಮಾತು.

ಇಸಿ ಸ್ವಚ್ಛವಾಗಿದ್ದರೆ ಸಾಕಾ?

ಸಾಲದು. ಋಣಭಾರ ಪ್ರಮಾಣಪತ್ರದಲ್ಲಿ ಬರುವುದು ನೋಂದಣಿ ಆದ ವ್ಯವಹಾರ ಮಾತ್ರ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೆ ಇರಬಹುದು. ಸೊಸೈಟಿಯ ಬೆಳೆ ಸಾಲಕ್ಕೆ ಆರ್‌ಟಿಸಿಯ 11ನೇ ಕಾಲಂ ನೋಡಿ, ಸೊಸೈಟಿಯಿಂದ ಬಾಕಿ ಇಲ್ಲವೆಂದು ಪತ್ರ ತರಿಸಿ. ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಿ. ಹುಡುಕುವಾಗ ನೆನಪಿರಲಿ: ಸುಬ್ರಹ್ಮಣ್ಯ ಈಗ ಕಡಬ ತಾಲೂಕು, ಮೊದಲು ಸುಳ್ಯ, ಅದಕ್ಕೂ ಹಿಂದೆ ಪುತ್ತೂರು.

ಕರಾರು, ಖರ್ಚು, ತೆರಿಗೆ

ಮಾರಾಟದ ಕರಾರಿನಿಂದ ಜಾಗ ನಿಮ್ಮದಾಗುವುದಿಲ್ಲ. ಜಿಪಿಎ ಬರೆಸಿಕೊಂಡರೂ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಾಯಿತ ಕ್ರಯಪತ್ರ ಒಂದೇ ದಾರಿ. ಪಂಚಾಯತ್ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. 40 ಲಕ್ಷದ ವ್ಯವಹಾರಕ್ಕೆ 3,06,000 ರೂ. ಬೇರೆಯೇ ತೆಗೆದಿಡಿ.

ಮಾರುವವರಿಗೂ ಒಂದು ಮಾತು. ಪೇಟೆಯಿಂದ ದೂರದ ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ, ಮನೆಗೆ ಇದೆ. ಎರಡರ ಬೆಲೆಯನ್ನೂ ಪತ್ರದಲ್ಲಿ ಬೇರೆ ಬೇರೆಯಾಗಿ ಬರೆಸಿ. ಮುಂಗಡವೆಂದು 20,000 ರೂ. ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಪಡೆಯಿರಿ. ವರ್ಗ ಎಷ್ಟು, ಕುಮ್ಕಿ ಎಷ್ಟು ಎಂದು ಮೊದಲ ದಿನವೇ ಹೇಳಿಬಿಡಿ. ಸರ್ವೆಯಲ್ಲಿ ಅದು ಹೇಗೂ ಹೊರಬರುತ್ತದೆ.

ಕೊಳ್ಳುವವರು ಈ ಕ್ರಮ ಹಿಡಿದರೆ ಸಾಕು: ಆರ್‌ಟಿಸಿ, ಅದರ ಹಿಂದಿನ ಮ್ಯುಟೇಶನ್, ಮೂಲ ಪತ್ರ, ಇಸಿ, ಕುಟುಂಬದ ವಂಶವೃಕ್ಷ, ಸರ್ವೆ. ಇಷ್ಟನ್ನೂ ವಕೀಲರು ನೋಡಿ ಬರಹದಲ್ಲಿ ಅಭಿಪ್ರಾಯ ಕೊಟ್ಟ ಮೇಲೆ ಮುಂಗಡ. "ನಾಳೆಯೇ ಬೇರೆ ಪಾರ್ಟಿ ಬರ್ತಾರೆ" ಎಂದು ಬ್ರೋಕರ್ ಅವಸರ ಮಾಡಿದರೆ, ಬರಲಿ ಬಿಡಿ. ಕಾಗದ ಸರಿ ಇರುವ ಜಾಗ ಇನ್ನೊಂದು ಸಿಕ್ಕೇ ಸಿಗುತ್ತದೆ.