ತೊಗರಿ ಬೆಳೆದವನ ಪಾಲಿನ ಲೆಕ್ಕ

ಸಂಕ್ರಮಣ ಕಳೆದು, ಯಾದಗಿರಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ತೊಗರಿಯ ಚೀಲಗಳು ಸಾಲುಗಟ್ಟಿರುವ ದಿನಗಳಲ್ಲಿ ಒಮ್ಮೆ ನಿಂತು ನೋಡಿದವರಿಗೆ ಒಂದು ಸಂಗತಿಯು ತಾನಾಗಿಯೇ ಹೊಳೆಯದೆ ಇರದು. ಮಾಲಿಗೆ ಧಾರಣಿ ಕಟ್ಟುವವರು, ತೂಗುವವರು, ಹೊರುವವರು, ಬರೆಯುವವರು ಎಲ್ಲರೂ ಅವಸರದಲ್ಲಿರುತ್ತಾರೆ. ಆರು ತಿಂಗಳು ಹೊಲ ಕಾಯ್ದ ರೈತನೊಬ್ಬನೇ ತನ್ನ ಚೀಲಗಳ ಮಗ್ಗುಲಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಆ ತೊಗರಿಯು ಅಡತಿ ಅಂಗಡಿಯಿಂದ ಕಲಬುರಗಿಯ ಬೇಳೆಯ ಗಿರಣಿಗೆ ಹೋಗಿ, ನೂರು ಕಿಲೋಕ್ಕೆ ಸುಮಾರು ೭೦ರಿಂದ ೭೫ ಕಿಲೋ ಬೇಳೆಯಾಗಿ, ಸಗಟು ವ್ಯಾಪಾರಿಯನ್ನೂ ಕಿರಾಣಿ ಅಂಗಡಿಯನ್ನೂ ದಾಟಿ ಬೆಂಗಳೂರಿನ ಅಡಿಗೆಮನೆಯನ್ನು ಸೇರುವವರೆಗೆ ಕೈಯಿಂದ ಕೈಗೆ ಅದರ ಬೆಲೆ ಏರುತ್ತಲೇ ಹೋಗುವದು. ಅಭಿವೃದ್ಧಿಯ ಪಂಡಿತರು ಈ ಸಾಗಾಟಕ್ಕೆ ‘ಮೌಲ್ಯ ಸರಪಳಿ’ಯೆಂದು ಹೆಸರಿಟ್ಟಿದ್ದಾರೆ.

ಈ ಸರಪಳಿಯನ್ನು ರೈತನ ಕಡೆಗೆ ಬಾಗಿಸಬೇಕೆಂದು ಹೊರಟ ಯೋಜನೆಗಳಿಗೆ ಕೊರತೆಯಿಲ್ಲ. ೨೦೧೪ರಲ್ಲಿ ಕರ್ನಾಟಕವು ತನ್ನ ಮಾರುಕಟ್ಟೆಗಳನ್ನು ವಿದ್ಯುನ್ಮಾನ ಹರಾಜಿನ ಏಕೀಕೃತ ವ್ಯವಸ್ಥೆಗೆ ಸೇರಿಸತೊಡಗಿತು. ಅದನ್ನೇ ಮಾದರಿಯಾಗಿ ಮುಂದಿಟ್ಟುಕೊಂಡು ೨೦೧೬ರಲ್ಲಿ ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಬಂದಿತು. ೨೦೨೦ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ಹೊರಟಿತು. ಉದ್ದೇಶಗಳನ್ನು ನಾವು ಹಳಿಯುವದಿಲ್ಲ. ಆದರೆ ಖರ್ಚಾದ ಹಣದಿಂದ ಬೆಳೆದವನ ಕೈಗೆ ಹೆಚ್ಚಿಗೆ ಬಂದುದೆಷ್ಟು ಎಂಬ ಪ್ರಶ್ನೆಗೆ ಉತ್ತರವನ್ನು ಹೇಗೆ ಕಂಡುಹಿಡಿಯುತ್ತಾರೆಂಬುದನ್ನು ಮಾತ್ರ ಸಾರ್ವಜನಿಕರು ಕೇಳಲೇಬೇಕು. ಏಕೆಂದರೆ ಒಂದೇ ಯೋಜನೆಗೆ ಎರಡು ಉತ್ತರಗಳು ಬಂದ ನಿದರ್ಶನವು ನಮ್ಮ ರಾಜ್ಯದಲ್ಲಿಯೇ ಇರುವದು.

ಏಕೀಕೃತ ಮಾರುಕಟ್ಟೆಯಿಂದ ೨೦೧೩-೧೪ಕ್ಕಿಂತ ೨೦೧೫-೧೬ರಲ್ಲಿ ರೈತರ ಪ್ರಾಪ್ತಿಯು ಶೇಕಡಾ ೩೮ರಷ್ಟು ಹೆಚ್ಚಿತೆಂದು ನೀತಿ ಆಯೋಗದ ಕಡೆಯಿಂದ ಸಾರಲಾಯಿತು. ಕೇಳುವದಕ್ಕೆ ಇಂಪಾದ ಮಾತು! ಆದರೆ ೨೦೧೫-೧೬ ಎಂತಹ ವರ್ಷ? ಮೇಲಿಂದ ಮೇಲೆ ಮಳೆ ತಪ್ಪಿ, ನಗರಗಳಲ್ಲಿ ತೊಗರಿಬೇಳೆಯ ಬೆಲೆ ಕಿಲೋಕ್ಕೆ ಇನ್ನೂರು ರೂಪಾಯಿಗಳನ್ನು ಮುಟ್ಟಿದ ವರ್ಷ. ಹರಾಜು ಗಣಕಯಂತ್ರದಲ್ಲಿ ನಡೆದರೂ ಬಾಯಿಮಾತಿನಲ್ಲಿ ನಡೆದರೂ ಆ ವರ್ಷ ಧಾರಣಿ ಏರುತ್ತಲೇ ಇತ್ತು. ಬರಗಾಲದ ಬೆಲೆಯನ್ನು ಯೋಜನೆಯ ಖಾತೆಗೆ ಜಮೆ ಮಾಡಿಕೊಂಡರೆ, ಮರುವರ್ಷದ ಇಳಿತವನ್ನೂ ಅದೇ ಖಾತೆಗೆ ಖರ್ಚು ಹಾಕಬೇಕಾಗುವದು. ೨೦೧೬-೧೭ರಲ್ಲಿ ದೇಶದ ತುಂಬ ತೊಗರಿ ಉಕ್ಕಿ ಬಂದು, ಸರಕಾರವು ಸಾರಿದ ೫,೦೫೦ ರೂಪಾಯಿಗಳ ಬೆಂಬಲ ಬೆಲೆಗಿಂತಲೂ ಪೇಟೆಯ ಧಾರಣಿ ಕೆಳಗಿಳಿಯಿತು. ರೈತರು ಖರೀದಿ ಕೇಂದ್ರಗಳ ಮುಂದೆ ಸಾಲು ನಿಲ್ಲಬೇಕಾಯಿತು. ಆ ಇಳಿತಕ್ಕೆ ಏಕೀಕೃತ ಮಾರುಕಟ್ಟೆಯೇ ಕಾರಣವೆಂದು ಯಾರೂ ಹೇಳಲಿಲ್ಲ, ಹೇಳದಿದ್ದುದೇ ನ್ಯಾಯ. ಏರಿಕೆಯ ವಿಷಯದಲ್ಲಿಯೂ ಇದೇ ನ್ಯಾಯ ನಡೆಯಬೇಡವೆ?

ಎರಡನೆಯ ಉತ್ತರವು ೨೦೨೦ರಲ್ಲಿ ಅಮೇರಿಕೆಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ರೆಟ್ಸೆಫ್ ಲೆವಿ ಮತ್ತು ಅವರ ಸಂಗಡಿಗರು ಬೇರೊಂದು ಹಾದಿಯನ್ನು ಹಿಡಿದರು. ಮುಂಚಿನ ಬೆಲೆ, ಈಗಿನ ಬೆಲೆ ಇಷ್ಟನ್ನೇ ನೋಡದೆ, ಈ ವ್ಯವಸ್ಥೆಗೆ ಸೇರದ ಮಾರುಕಟ್ಟೆಗಳಲ್ಲಿ ಅದೇ ಕಾಲದಲ್ಲಿ ಬೆಲೆ ಏನಾಯಿತೆಂಬುದನ್ನು ಎದುರಿಗಿಟ್ಟು, ಎರಡರ ಅಂತರವನ್ನು ಮಾತ್ರ ಯೋಜನೆಯ ಫಲವೆಂದು ಎಣಿಸಿದರು. ಆಗ ಭತ್ತಕ್ಕೆ ಶೇಕಡಾ ೫.೧, ಶೇಂಗಾಕ್ಕೆ ೩.೬, ಮೆಕ್ಕೆಜೋಳಕ್ಕೆ ೩.೫ರಷ್ಟು ಬೆಲೆ ಹೆಚ್ಚಿದುದು ಕಂಡುಬಂದಿತು. ಶೇಕಡಾ ಐದೆಂದರೆ ಅಲ್ಪವೆಂದು ನಗುವವರು, ರೈತನಿಗೆ ಉಳಿಯುವ ಲಾಭವೇ ಶೇಕಡಾ ೪ರಿಂದ ೯ರಷ್ಟೆಂದು ಅದೇ ಪ್ರಬಂಧವು ಹೇಳುವದನ್ನು ನೆನೆಯಬೇಕು. ಆದರೆ ಹತ್ತಿ, ಹೆಸರು, ತೊಗರಿ ಈ ಮೂರು ಬೆಳೆಗಳಲ್ಲಿ ಎದ್ದು ಕಾಣುವಂತಹ ಯಾವ ಪರಿಣಾಮವೂ ಸಿಕ್ಕಲಿಲ್ಲ.

ಇದು ರಾಜ್ಯದ ಸರಾಸರಿ ಲೆಕ್ಕವೆಂಬುದು ನಿಜ. ಆದರೂ ೨೦೦೯ರ ಡಿಸೆಂಬರದಲ್ಲಿ ಆಗಿನ ಗುಲಬರ್ಗಾದಿಂದ ಬೇರ್ಪಟ್ಟು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲೂಕುಗಳಿಂದ ಹುಟ್ಟಿಕೊಂಡ ಈ ಜಿಲ್ಲೆಯ ನಕಾಶೆಯ ಮೇಲೆ ಆ ಅಂಕಿಗಳನ್ನು ಇಟ್ಟು ನೋಡಿದರೆ ಮನಸ್ಸು ಕಳವಳಗೊಳ್ಳುವದು. ೧೯೮೨ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಅಲ್ಪ ನೀರಿನ ಬೆಳೆಗಳಿಗೆಂದು ಯೋಜಿಸಿದ ಕಾಲುವೆಗಳ ಮೊದಲ ಭಾಗದಲ್ಲಿ ಭತ್ತವೇ ಹಬ್ಬಿ, ಕೊನೆಯ ಭಾಗದವರು ಪ್ರತಿವರ್ಷ ನೀರಿಗಾಗಿ ಮೊರೆಯಿಡುವಂತಾಗಿದೆ. ಹೀಗಿರಲು, ಬೆಲೆಯ ಲಾಭವು ಭತ್ತಕ್ಕೆ ದೊರೆತು ತೊಗರಿ ಹತ್ತಿಗಳಿಗೆ ದೊರೆಯಲಿಲ್ಲವೆಂದರೆ, ನೀರು ಪಡೆದವನಿಗೇ ಬೆಲೆಯೂ ಸಿಕ್ಕಿತು, ಮಳೆ ನಂಬಿದವನಿಗೆ ಎರಡೂ ಇಲ್ಲವಾಯಿತು ಎಂದರ್ಥವಾಗುವದಿಲ್ಲವೆ? ಜಿಲ್ಲೆಯ ಸರಾಸರಿಯನ್ನು ಮಾತ್ರ ಬರೆಯುವ ವರದಿಯಲ್ಲಿ ಈ ಭೇದವು ಎಂದಿಗೂ ಕಾಣಲಾರದು.

ತೊಗರಿಗೇಕೆ ಫಲ ಸಿಕ್ಕಲಿಲ್ಲ? ಇದರ ಒಂದು ಕಾರಣವು ಹಳ್ಳಿಯಲ್ಲಿ ಯಾರನ್ನು ಕೇಳಿದರೂ ತಿಳಿಯುವಂತಹದೆಂದು ನಮ್ಮ ಎಣಿಕೆ. ಬಿತ್ತುವಾಗ ಬೀಜ ಗೊಬ್ಬರಗಳಿಗೆಂದು ಅಡತಿಯವರಿಂದ ಮುಂಗಡ ತಂದವನು ರಾಶಿಯನ್ನು ಅದೇ ಅಂಗಡಿಗೆ ಒಯ್ಯಬೇಕು, ಅದೂ ಕೂಡಲೆ ಒಯ್ಯಬೇಕು. ಇಂತಹವನಿಗೆ ದೂರದ ಖರೀದಿದಾರನು ಯಂತ್ರದಲ್ಲಿ ಕಂಡರೇನು? ಬೆಲೆ ಬರುವ ತನಕ ಮಾಲು ಇಡಿರೆಂದು ಉಗ್ರಾಣ ಕಟ್ಟಿಸಿಕೊಟ್ಟರೇನು? ಸಾಲದ ಕೊಂಡಿಯನ್ನು ಅಳೆಯದೆ ಉಗ್ರಾಣಗಳನ್ನು ಎಣಿಸುವದು, ತರಬೇತಿಯ ಹಾಜರಿಪಟ್ಟಿಯನ್ನೂ ಸಂಘದ ಸದಸ್ಯರ ಸಂಖ್ಯೆಯನ್ನೂ ಸಾಧನೆಯೆಂದು ಅಚ್ಚು ಹಾಕಿಸುವದು, ಮದುವೆಗೆ ಬಂದವರನ್ನು ಲೆಕ್ಕ ಹಾಕಿ ದಂಪತಿಗಳ ಸುಖವನ್ನು ನಿರ್ಣಯಿಸಿದಂತೆ.

೨೦೧೮ರ ಜನವರಿಯಲ್ಲಿ ಆರಂಭವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ರಾಯಚೂರೂ ಯಾದಗಿರಿಯೂ ಸೇರಿವೆ. ೪೯ ಸೂಚಕಗಳ ಮೇಲೆ ತಿಂಗಳು ತಿಂಗಳೂ ಜಿಲ್ಲೆಗಳಿಗೆ ಸ್ಥಾನ ಕೊಡುವ ಈ ಪದ್ಧತಿಯು ಅಧಿಕಾರಿಗಳನ್ನು ಎಚ್ಚರವಾಗಿಟ್ಟಿತೆಂಬುದನ್ನು ಒಪ್ಪತಕ್ಕದ್ದೇ. ಆದರೆ ಒಕ್ಕಲುತನ, ನೀರಾವರಿ ಎರಡೂ ಕೂಡಿ ಅಲ್ಲಿ ನೂರಕ್ಕೆ ಇಪ್ಪತ್ತರ ತೂಕ. ಮೇಲಾಗಿ, ಕೆಲಸ ಮಾಡುವ ಇಲಾಖೆಯೇ ತನ್ನ ಕೆಲಸದ ಅಂಕಿಯನ್ನು ತುಂಬುವಲ್ಲಿ ಮತ್ತೊಬ್ಬರ ಕಣ್ಣು ಬೀಳುವದು ಅವಶ್ಯ.

ಇನ್ನು ಈ ಜಿಲ್ಲೆಗೆ ವಿಶೇಷವಾದ ತೊಡಕೊಂದುಂಟು. ಸುಗ್ಗಿ ಮುಗಿಯುತ್ತಲೆ ಬಡವರ ಮನೆಗಳಿಗೆ ಬೀಗ ಬೀಳುವದು. ಗಂಡ ಹೆಂಡತಿ ಮಕ್ಕಳೆಲ್ಲ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ಸಮೀಕ್ಷೆಯವರು ಬರುವದು ಸಾಮಾನ್ಯವಾಗಿ ಆರ್ಥಿಕ ವರ್ಷದ ಕೊನೆಗೆ, ಫೆಬ್ರವರಿ ಮಾರ್ಚಿನಲ್ಲಿ. ಬಾಗಿಲು ತೆರೆದಿರುವ ಮನೆಯವನು ಉತ್ತರ ಹೇಳುತ್ತಾನೆ; ಅವನಿಗೆ ಊರಲ್ಲಿಯೇ ಉಳಿಯುವಷ್ಟು ಅನುಕೂಲವಿದೆ. ಬೀಗ ಹಾಕಿದ ಮನೆಯವನ ಉತ್ತರವು ಯಾವ ಪಟ್ಟಿಯಲ್ಲಿಯೂ ಇರುವದಿಲ್ಲ. ತೊಗರಿ ಕೊಯ್ಯುವ, ಬಡಿಯುವ, ತೂರುವ ಹೆಣ್ಣುಮಕ್ಕಳ ಕೂಲಿಯಂತೂ ಸರಪಳಿಯ ಲೆಕ್ಕದಲ್ಲಿ ಕೊಂಡಿಯೆಂದೇ ಎಣಿಕೆಯಾಗಿಲ್ಲ.

ಇದು ನಮ್ಮೊಬ್ಬರ ದೋಷವಲ್ಲ. ೨೦೧೬ರ ಜುಲೈಯಲ್ಲಿ ಭಾರತವು ಮೊಜಾಂಬಿಕದೊಡನೆ ಒಪ್ಪಂದ ಮಾಡಿಕೊಂಡು, ಅಲ್ಲಿಂದ ವರ್ಷಕ್ಕೆ ಒಂದು ಲಕ್ಷ ಟನ್ನಿನಿಂದ ಐದು ವರ್ಷಗಳಲ್ಲಿ ಎರಡು ಲಕ್ಷ ಟನ್ನುಗಳವರೆಗೆ ತೊಗರಿ ಮೊದಲಾದ ಬೇಳೆಕಾಳುಗಳನ್ನು ತರಿಸಲು ಒಪ್ಪಿತು. ೨೦೧೭ರ ಆಗಸ್ಟಿನಲ್ಲಿ ನಮ್ಮಲ್ಲಿ ಬೆಳೆ ಹೆಚ್ಚಾದುದರಿಂದ ಆಮದಿಗೆ ಮಿತಿ ಬಿದ್ದಾಗ, ಭಾರತದ ಪೇಟೆಯನ್ನೇ ನಂಬಿದ್ದ ಅಲ್ಲಿಯ ಬಡ ರೈತರ ತೊಗರಿಗೆ ಬೆಲೆ ಕುಸಿಯಿತು. ಅವರಿಗೆ ಬಿತ್ತಲು ಕಲಿಸಿದ ಯೋಜನೆಯು ಇಳುವರಿಯನ್ನು ಎಷ್ಟು ಚೆನ್ನಾಗಿ ಅಳೆದಿದ್ದರೂ ದಿಲ್ಲಿಯ ಒಂದು ಪ್ರಕಟಣೆಯನ್ನು ಅಳೆದಿರಲಾರದು. ಶಹಾಪುರದ ರೈತನಿಗೂ ಅವನಿಗೂ ಪರಿಚಯವಿಲ್ಲದಿದ್ದರೂ ಇಬ್ಬರೂ ಒಂದೇ ಸರಪಳಿಯವರು.

ನಮ್ಮ ಕೋರಿಕೆಯು ದೊಡ್ಡದಲ್ಲ. ಯೋಜನೆಯ ಹಣ ಮುಟ್ಟುವ ಮೊದಲೇ, ಅದಕ್ಕೆ ಸೇರಿದ ಹಳ್ಳಿಗಳಷ್ಟೇ ಸೇರದ ಹಳ್ಳಿಗಳಲ್ಲಿಯೂ ರೈತನ ಕೈಗೆ ಉಳಿದ ಹಣವನ್ನು ಬರೆದಿಡಲಿ. ಒಳ್ಳೆಯ ಮಳೆಯ ವರ್ಷವೂ ಕೆಟ್ಟ ಮಳೆಯ ವರ್ಷವೂ ಅದರಲ್ಲಿ ಬರಲಿ. ಯೋಜನೆ ನಡೆಸದವರು ಅದನ್ನು ಬರೆಯಲಿ. ಬರೆದುದನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಲಿ. ಗುಳೆ ಹೋದವರು ಊರಿಗೆ ಮರಳಿ ಬಿತ್ತನೆಗೆ ಅಣಿಯಾಗುವ ಮೇ ಜೂನ್ ತಿಂಗಳುಗಳೇ ಈ ಕೆಲಸಕ್ಕೆ ಯೋಗ್ಯವಾದ ಕಾಲವು. ಮೊದಲನೆಯ ಸುತ್ತನ್ನು ಕಾಲುವೆಯ ಕೊನೆಯ ಹಳ್ಳಿಗಳಿಂದ ಆರಂಭಿಸಬಹುದು.