ಬಾವುಟಗುಡ್ಡೆಯ 13 ದಿನಗಳು

ದಂಗೆಕೋರ ಯಾರು,
ಸ್ವಾತಂತ್ರ್ಯ ಹೋರಾಟಗಾರ ಯಾರು?
ಮಂಗಳೂರಿನ ಬಾವುಟಗುಡ್ಡೆ ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಕೇಳಿದೆ.

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿಯು,
ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ,
ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು
ನಗದಾಗಿಯೇ ಕಟ್ಟಬೇಕೆಂದು ವಿಧಿಸಿದಾಗ,
ಮನೆಯಲ್ಲಿ ಭತ್ತವಿದ್ದರೂ ಕೈಯಲ್ಲಿ ಕಾಸಿಲ್ಲದ ರೈತನು ಕಂಗೆಟ್ಟನು.

1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದ ರೈತ ಮುಂದಾಳುಗಳು,
ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು,
ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡು,
ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು,
ಈ ಗುಡ್ಡದ ಮೇಲೆ ತಮ್ಮ ಬಾವುಟವನ್ನು ಏರಿಸಿದರು.
13 ದಿನ ನಗರವು ಅವರ ಕೈಯಲ್ಲಿತ್ತು.

ಬಳಿಕ ಹೊರಗಿನಿಂದ ಕಂಪನಿಯ ಸೇನೆ ಬಂದಿತು;
ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಗೆದ್ದವರ ದಾಖಲೆಗಳಲ್ಲಿ ಇದು ಬರಿಯ ದಂಗೆಯಾಯಿತು;
ಊರಿನಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’,
ಅಂದರೆ ಕಲ್ಯಾಣಸ್ವಾಮಿಯ ಲೂಟಿ, ಎಂಬ ಹೆಸರು ಉಳಿಯಿತು.

ಯಕ್ಷಗಾನದ ಚೌಕಿಯಲ್ಲಿ,
ಅಂದರೆ ವೇಷ ಕಟ್ಟುವ ಕೋಣೆಯಲ್ಲಿ,
ಒಂದೇ ಮುಖಕ್ಕೆ ಅರಸನ ಬಣ್ಣವನ್ನೂ ರಕ್ಕಸನ ಬಣ್ಣವನ್ನೂ ಬರೆಯಬಹುದು;
ಆ ರೈತರ ಮುಖಕ್ಕೆ ಬಣ್ಣ ಬರೆದದ್ದು ಕಂಪನಿ.

ಖಜಾನೆ ಲೂಟಿಯಾದದ್ದು, ಕಚೇರಿಗೆ ಬೆಂಕಿ ಬಿದ್ದದ್ದು ನಿಜ,
ಅದನ್ನು ಮುಚ್ಚಿಡುವ ಚರಿತ್ರೆ ಅವರಿಗೆ ನ್ಯಾಯ ಒದಗಿಸದು;
ಆದರೆ ಆ ಏಟು ಬಿದ್ದದ್ದು ಕಂದಾಯ ಹಿಂಡುತ್ತಿದ್ದ ಆಡಳಿತದ ಮೇಲೆ
ಎಂಬುದನ್ನು ಮರೆತು ಅವರನ್ನು ಲೂಟಿಕೋರರೆನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ.

2022ರ ನವೆಂಬರಿನಲ್ಲಿ,
ಬಾವುಟ ಏರಿದ್ದ ಅದೇ ಗುಡ್ಡದಲ್ಲಿ,
ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು.