ಹೊಟ್ಟೆಶೂಲೆಯೂ ಲೋಕಾಪವಾದವೂ

ಶಿರಸಿ-ಸಿದ್ದಾಪುರ ಸೀಮೆಯ ಹೇರೂರಿನಂಥ ಹಳ್ಳಿಗಳಲ್ಲಿ ಮೇಲುಹೊಟ್ಟೆಯ ನೋವನ್ನು ವಾಯುವೆಂದು ಬಗೆದು, ಕಷಾಯ ಕುಡಿಸಿ, ಬೆಳಗಾಗುವುದನ್ನು ಕಾಯುವವರುಂಟು. ಅನೇಕ ಸಲ ಅದರಿಂದ ಹಾನಿಯಾಗದು. ಆದರೆ ನೋವು ಹಠಾತ್ತನೆ ಹುಟ್ಟಿ, ಬೆನ್ನಿಗೆ ಹಾಯ್ದು, ವಾಂತಿಯೊಡನೆ ಬಿಡದೆ ಪೀಡಿಸುತ್ತಿದ್ದರೆ ಅದು ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಾಗಿರಬಹುದು. ಅಲ್ಲಿ ಕಾಯುವುದೇ ಅಪಾಯವು.

ಜಠರದ ಹಿಂಬದಿಯ ಈ ಗ್ರಂಥಿಯು ಅನ್ನವನ್ನು ಜೀರ್ಣಿಸುವ ರಸವನ್ನು ನಾಳದ ಮೂಲಕ ಸಣ್ಣ ಕರುಳಿಗೆ ಕಳುಹುತ್ತದೆ. ಆ ರಸವು ಕರುಳನ್ನು ಸೇರಿದ ಮೇಲೆಯೇ ಪ್ರಬಲವಾಗತಕ್ಕದ್ದು. ಅಡಿಕೆ ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನಿಂತ ನೀರು ಬೇರನ್ನೇ ಕೊಳೆಸುವಂತೆ, ನಾಳಕ್ಕೆ ತಡೆಯುಂಟಾದರೆ ರಸವು ಒಳಗೇ ಪ್ರಬಲಿಸಿ ತನ್ನ ಗ್ರಂಥಿಯನ್ನೇ ಸುಡತೊಡಗುತ್ತದೆ.

ಮುಖ್ಯನಾಳವನ್ನು 1642ರಲ್ಲಿ ಇಟಲಿಯ ಪಾದುವಾ ನಗರದಲ್ಲಿ ವಿರ್ಸುಂಗನೆಂಬ ಜರ್ಮನ್ ಪಂಡಿತನು ಕಂಡನು. ಕಿರುನಾಳಕ್ಕೆ ವೆನಿಸಿನ ಸ್ಯಾಂಟೋರಿನಿಯ ಹೆಸರು ನಿಂತಿದೆ. ಗರ್ಭದಲ್ಲಿ ಎರಡು ಮೊಳಕೆಗಳಾಗಿ ಹುಟ್ಟುವ ಈ ಗ್ರಂಥಿಯು ಸುಮಾರು 7ನೆಯ ವಾರದಲ್ಲಿ ಒಂದಾಗುವಾಗ ನಾಳಗಳೂ ಕೂಡಿಕೊಳ್ಳುತ್ತವೆ. 100ಕ್ಕೆ 5ರಿಂದ 10 ಜನರಲ್ಲಿ ಅವು ಕೂಡುವುದಿಲ್ಲ. ಹೆಚ್ಚಿನ ರಸವೆಲ್ಲ ಕಿರಿಯ ದ್ವಾರದಿಂದಲೇ ಹೊರಬೀಳಬೇಕಾಗುತ್ತದೆ. ಇಂಥವರಲ್ಲಿ ಬಹುತೇಕರಿಗೆ ಜನ್ಮವಿಡೀ ಯಾವ ಬಾಧೆಯೂ ಇಲ್ಲ. ಕೆಲವರಿಗೆ ಮರುಕಳಿಸುವ ಶೂಲೆಗೆ ಇದು ಸಹಕಾರಿಯಾಗಬಹುದೆಂಬುದು ಕೆಲವು ವೈದ್ಯರ ಮತ. ಇದೊಂದೇ ಸಾಕೆಂಬಲ್ಲಿ ಒಮ್ಮತವಿಲ್ಲ.

ನಾವು ಇಷ್ಟು ವಿವರಿಸುವುದಕ್ಕೆ ಕಾರಣವುಂಟು. ಈ ರೋಗದ ಹೆಸರು ಕೇಳಿದೊಡನೆ "ಕುಡುಕನಿರಬೇಕು" ಎಂದು ಪಿಸುಗುಟ್ಟುವುದು ನಮ್ಮ ಸಮಾಜದ ದುರಭ್ಯಾಸವು. ಮದ್ಯವು ದೊಡ್ಡ ಕಾರಣವೆಂಬುದು ದಿಟ. ಪಿತ್ತಕೋಶದ ಕಲ್ಲೂ ಅಂಥದೇ ದೊಡ್ಡ ಕಾರಣವು. ರಕ್ತದಲ್ಲಿ ಮಿತಿಮೀರಿದ ಕೊಬ್ಬು, ಕೆಲವು ಔಷಧಗಳು ಸಹ ಕಾರಣವಾಗುತ್ತವೆ. ಹನಿ ಮದ್ಯವನ್ನೂ ಮುಟ್ಟದ ಗೃಹಿಣಿಗೂ ಈ ರೋಗವು ಬರಬಲ್ಲದು. ಅಪವಾದಕ್ಕೆ ಅಂಜಿ ನೋವನ್ನು ಬಚ್ಚಿಡುವಂತೆ ಮಾಡುವ ನಾಲಗೆಗಳು ರೋಗಕ್ಕಿಂತ ಕ್ರೂರವಾದವು. ಹಾಗೆಂದು ಕುಡಿಯುವವರು ಹುಟ್ಟಿನ ನಾಳದ ಮೇಲೆ ಭಾರ ಹಾಕಿ ಪಾತ್ರೆಯನ್ನು ಹಿಡಿದುಕೊಂಡಿರುವುದೂ ಸಲ್ಲದು.

ರಕ್ತದಲ್ಲಿ ಲೈಪೇಸ್ ಎಂಬ ದ್ರವ್ಯವು ಸಹಜ ಮಿತಿಯ 3 ಪಟ್ಟಿಗೆ ಏರಿದ್ದು, ನೋವೂ ಈ ಬಗೆಯದಾದರೆ ರೋಗವು ನಿಶ್ಚಯವಾಗುತ್ತದೆ. ಶಿರೆಯ ಮೂಲಕ ತಕ್ಕ ದ್ರವ, ನೋವಿಗೆ ಮದ್ದು, ಎಚ್ಚರದ ನಿಗಾ ಇವೇ ಮೊದಲ ಚಿಕಿತ್ಸೆ. ಬಹುಪಾಲು ರೋಗಿಗಳು ಗುಣಹೊಂದುತ್ತಾರೆ. ಸುಮಾರು 5ರಲ್ಲಿ ಒಬ್ಬರಿಗೆ ಮಾತ್ರ ಅದು ವಿಷಮಿಸುತ್ತದೆ. ಅಂಥವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯುವ ಹಾದಿ ಗಂಟೆಗಟ್ಟಲೆಯದು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನರು 2022ರಲ್ಲಿ ಎತ್ತಿದ ಕೂಗು ನ್ಯಾಯವಾದದ್ದೇ. ಅದು ಪೂರ್ಣವಾಗಿ ಈಡೇರುವವರೆಗೂ ತಾಲೂಕಿನ ಆಸ್ಪತ್ರೆಗಳಲ್ಲಿ ಅಪರಾತ್ರಿಯಲ್ಲಾದರೂ ಈ ರಕ್ತಪರೀಕ್ಷೆಯು ನಡೆದು, ಚಿಕಿತ್ಸೆಯು ಆರಂಭವಾದ ಮೇಲೆಯೇ ರೋಗಿಯು ಪ್ರಯಾಣ ಹೊರಡುವಂತಾಗಬೇಕು. ಅಧಿಕಾರಿಗಳು ಇದನ್ನು ನೋಡಿಕೊಳ್ಳಲಿ; ನೆರೆಹೊರೆಯವರು ಗಾಡಿಯನ್ನು ಹೊರಡಿಸಲಿ, ಮಾತನ್ನಲ್ಲ.